ನಾಲ್ಕು ಅಡಿ ಹಿಮ ಯಾರ ಪಾಲು? ಒಂದು ಚಾರ್ಜಿಂಗ್ ಸ್ಟೇಷನ್ನಿನ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನ್ನಿಯಾಪೊಲಿಸ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರಾಗಲಿ, ಜನರ ಹೆಸರಾಗಲಿ ಹಾಕಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇದರಲ್ಲಿ ಬರುವ ಅಕ್ಕನಿಗೆ ಮೊದಲೇ ಓದಿ ಹೇಳಿ, ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ನಾನು ಆ ಊರಿನ ನಗರಸಭೆಗೆ ಸಲಹೆ ಕೊಡುವ ನಿವಾಸಿಗಳ ಸಮಿತಿಯಲ್ಲಿದ್ದೆ. ಸಂಬಳದ ಕೆಲಸ ಅಲ್ಲ, ತಿಂಗಳಿಗೊಂದು ಸಭೆ. ಚಾರ್ಜರ್ ಎಲ್ಲಿ ಹಾಕಬೇಕು ಅನ್ನುವ ಚರ್ಚೆಯಲ್ಲಿ ನಾನೂ ಕೈ ಎತ್ತಿದ್ದೆ. ಹಾಗಾಗಿ ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

2021ರ ಬೇಸಿಗೆಯಲ್ಲಿ ಊರಿನ ಲೈಬ್ರರಿ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಎರಡು ಚಾರ್ಜಿಂಗ್ ಕಂಬ ನಿಲ್ಲಿಸಿದರು. ಒಂದೊಂದು ಕಂಬಕ್ಕೆ ಎರಡೆರಡು ಕೇಬಲ್, ಒಟ್ಟಿಗೆ ನಾಲ್ಕು ಕಾರು ನಿಲ್ಲಬಹುದು. ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರ್ ಅಲ್ಲ ಇವು. 240 ವೋಲ್ಟ್, 30 ಆಂಪ್, ಅಂದರೆ 7 ಕಿಲೋವ್ಯಾಟ್ ಚಿಲ್ಲರೆ. ಕಾರು ನಿಲ್ಲಿಸಿ ನಾಲ್ಕೈದು ಗಂಟೆ ಬಿಟ್ಟು ಬರಬೇಕು. ನಾಲ್ಕರಲ್ಲಿ ಒಂದು ಜಾಗ ಅಂಗವಿಕಲರಿಗೆ ಅಂತ ನೀಲಿ ಬಣ್ಣ ಬಳಿದು, ಪಕ್ಕದಲ್ಲಿ ಗಾಲಿಕುರ್ಚಿ ಇಳಿಸಲು ಪಟ್ಟೆ ಬರೆದ ಜಾಗವನ್ನೂ ಬಿಟ್ಟಿದ್ದರು.

ಹಿಂದಿನ ಮೂಲೆಯನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಟ್ರಾನ್ಸ್‌ಫಾರ್ಮರ್ ಅಲ್ಲೇ ಇತ್ತು. ನೆಲ ಅಗೆದು ವಯರು ಎಳೆಯುವ ಖರ್ಚು ಕಡಿಮೆ. ಜೂನ್ ತಿಂಗಳ ಬಿಸಿಲಿನಲ್ಲಿ ನಿಂತು ನೋಡಿದಾಗ ಎಲ್ಲರಿಗೂ ಸರಿ ಅನ್ನಿಸಿತು. ಅದೇ ಮೂಲೆಗೆ ಎಷ್ಟೋ ವರ್ಷದಿಂದ ಇಡೀ ಪಾರ್ಕಿಂಗ್ ಜಾಗದ ಹಿಮವನ್ನು ತಳ್ಳಿ ಗುಡ್ಡೆ ಹಾಕುತ್ತಿದ್ದರು ಅನ್ನುವುದು ಆ ಸಭೆಯಲ್ಲಿ ಕೂತಿದ್ದ ನಮಗ್ಯಾರಿಗೂ ಹೊಳೆಯಲಿಲ್ಲ. ಗೊತ್ತಿದ್ದವರು ಒಬ್ಬರೇ, ಪ್ಲೋ ಲಾರಿ, ಅಂದರೆ ಮುಂದೆ ಬ್ಲೇಡ್ ಕಟ್ಟಿಕೊಂಡು ಹಿಮ ತಳ್ಳುವ ಲಾರಿ, ಓಡಿಸುವವರು. ಅವರನ್ನು ಯಾರೂ ಕರೆದಿರಲಿಲ್ಲ.

ಈ ಚಾರ್ಜರ್ ಯಾರಿಗೆ ಬೇಕಿತ್ತು ಅಂತ ಹೇಳಬೇಕು. ಸ್ವಂತ ಮನೆ, ಗ್ಯಾರೇಜು ಇದ್ದವರು ಮನೆಯಲ್ಲೇ ಪ್ಲಗ್ ಹಾಕಿ ಮಲಗುತ್ತಾರೆ. ಲೈಬ್ರರಿಗೆ ಬರುತ್ತಿದ್ದವರು ಪಕ್ಕದ ಬಾಡಿಗೆ ಅಪಾರ್ಟ್‌ಮೆಂಟುಗಳವರು. ಅವರಿಗೆ ಬೇರೆ ದಾರಿ ಇಲ್ಲ. ಅದರ ಮೇಲೆ ಚಳಿಯಲ್ಲಿ ಕಾರಿನ ಹೊಟ್ಟೆ ಬೇಗ ಖಾಲಿಯಾಗುತ್ತದೆ. ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಅಳತೆ ಮಾಡಿ ನೋಡಿತ್ತು. 20 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 7 ಸೆಲ್ಸಿಯಸ್‌ನಲ್ಲಿ, ಒಳಗೆ ಹೀಟರ್ ಹಾಕಿಕೊಂಡು ಓಡಿಸಿದರೆ ಕಾರು ಹೋಗುವ ದೂರ ಸರಾಸರಿ 41% ಕುಗ್ಗುತ್ತದೆ. ಚಾರ್ಜ್ ಆಗುವುದೂ ನಿಧಾನ. ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಜೋರಾಗಿ ಕರೆಂಟ್ ತುಂಬಿದರೆ ಲಿಥಿಯಂ ಒಳಗೆ ಇಳಿಯದೆ ಮೇಲೇ ಲೋಹವಾಗಿ ಕೂತು ಬ್ಯಾಟರಿ ಕೆಡುತ್ತದೆ. ಅದಕ್ಕೇ ಕಾರು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತದೆ, 7 ಕಿಲೋವ್ಯಾಟಿನಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಚಾರ್ಜರ್ ಜಾಸ್ತಿ ಬೇಕಾಗುವುದೇ ಚಳಿಗಾಲದಲ್ಲಿ. ಕೈಗೆ ಸಿಗದೆ ಹೋಗುವುದೂ ಆಗಲೇ.

ಸಮಸ್ಯೆ ಕಣ್ಣಿಗೆ ಬಿದ್ದ ದಿನ

ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಕಡೆ ಒಂದು ಚಳಿಗಾಲಕ್ಕೆ ಸರಾಸರಿ 50 ಇಂಚಿನಷ್ಟು ಹಿಮ ಬೀಳುತ್ತದೆ. 2022-23ರಲ್ಲಿ 90 ಇಂಚು ದಾಟಿತು. ಅಲ್ಲಿನ ದಾಖಲೆಯಲ್ಲೇ ಅದು ಮೂರನೆಯ ಅತಿ ಹೆಚ್ಚಿನ ಹಿಮ. ಜನವರಿ ಮೊದಲ ವಾರ ಒಂದೇ ಸಲಕ್ಕೆ ಹದಿನೈದು ಇಂಚಿನಷ್ಟು ಸುರಿಯಿತು. ಲೈಬ್ರರಿ ಹಿಂದಿನ ಗುಡ್ಡೆ ಆಳೆತ್ತರ ಬೆಳೆಯಿತು. ತಿಂಗಳ ಕೊನೆಗೆ ಚಳಿ ಬಿಗಿಯಾದಾಗ ಅದು ಕಲ್ಲಾಯಿತು.

ಅಂಥ ಒಂದು ಸಂಜೆ ನನಗೊಂದು ಫೋನ್ ಬಂತು. ಹಾಸನದ ಕಡೆಯ ಒಬ್ಬ ಅಕ್ಕ, ನಮ್ಮ ಕನ್ನಡ ಬಳಗದಲ್ಲಿ ಪರಿಚಯ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲಿಗೆ ಕ್ಯಾಲಿಪರ್ ಹಾಕುತ್ತಾರೆ, ಊರುಗೋಲು ಹಿಡಿದು ನಡೆಯುತ್ತಾರೆ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ಹಳೆಯ ಸಣ್ಣ ಎಲೆಕ್ಟ್ರಿಕ್ ಕಾರು.

"ನೋಡಪ್ಪ, ಚಾರ್ಜರ್ ಕಣ್ಣೆದುರಿಗೇ ಇದೆ. ಕೈಗೆ ಸಿಗ್ತಿಲ್ಲ. ಬ್ಯಾಟರಿ ಹನ್ನೊಂದು ಪರ್ಸೆಂಟ್ ತೋರಿಸ್ತಿದೆ. ನೀನು ಆ ಕಮಿಟಿಲಿ ಇದೀಯಲ್ಲ, ಯಾರಿಗೆ ಹೇಳ್ಬೇಕು ಇದನ್ನ?"

"ಅಕ್ಕ, ನೀವು ಕಾರೊಳಗೇ ಕೂತಿರಿ. ಬಂದೆ."

ನಾನು ಹೋದಾಗ ಮೈನಸ್ 20ರ ಆಸುಪಾಸು. ಪಾರ್ಕಿಂಗ್ ಜಾಗದ ಹಿಮವನ್ನೆಲ್ಲ ಚೆನ್ನಾಗಿ ಬಳಿದು ತೆಗೆದಿದ್ದರು, ಡಾಂಬರು ಕಾಣುತ್ತಿತ್ತು. ಕಂಬದ ಮುಂದೆ ಮಾತ್ರ ನಾಲ್ಕು ಅಡಿ ಅಗಲ, ಮೊಣಕಾಲೆತ್ತರದ ಹಿಮದ ದಿಬ್ಬ. ನೀಲಿ ಜಾಗದ ಪಕ್ಕದ ಪಟ್ಟೆ ಪೂರ್ತಿ ಮುಚ್ಚಿಹೋಗಿತ್ತು. ನಾನು ಬರುವ ಮುಂಚೆಯೇ ಅಕ್ಕ ದಿಬ್ಬದ ಮೇಲೆ ಊರುಗೋಲು ಊರಿ ಕೈ ಚಾಚಿದ್ದಾರೆ. ಪ್ಲಗ್ ಸಿಕ್ಕಿದೆ, ಆದರೆ ಕೇಬಲ್ ಚಳಿಗೆ ಬಿದಿರುಗಳುವಿನ ಹಾಗೆ ಸೆಟೆದುಕೊಂಡಿದೆ. ಎಳೆದಾಗ ಪ್ಲಗ್ ಕೈಜಾರಿ ಹಿಮದೊಳಗೆ ಬಿದ್ದಿದೆ. ಪಿನ್ನುಗಳ ಸುತ್ತ ಪುಡಿ ಹಿಮ ಹೊಕ್ಕು ಗಟ್ಟಿಯಾಗಿದೆ. ಅದನ್ನು ಕೋಟಿನೊಳಗೆ ಎದೆಗೆ ಅವಚಿಕೊಂಡು ಕರಗಿಸಲು ನೋಡಿದ್ದಾರೆ. ಕೈಗವಸು ತೆಗೆದಿದ್ದರಿಂದ ಬೆರಳ ತುದಿ ಬಿಳಿಚಿಕೊಂಡಿತ್ತು. ಆ ಬೆರಳು ನೋಡಿದ ಮೇಲೆ ನಾನು ಈ ವಿಷಯ ಬಿಡಲಿಲ್ಲ.

ನನ್ನ ಫೋನಿನ ಆ್ಯಪಿನಲ್ಲಿ ಆ ಚಾರ್ಜರ್ ಹಸಿರು ಬಣ್ಣದಲ್ಲಿತ್ತು. "ಲಭ್ಯವಿದೆ" ಅಂತ.

ಮೂರು ಫೋನು

ಮರುದಿನ ಮೂರು ಕಡೆ ಫೋನ್ ಮಾಡಿದೆ. ಚಾರ್ಜರ್ ನಡೆಸುವ ಕಂಪನಿಯವರು ತಮ್ಮ ಪರದೆ ನೋಡಿ ಎಲ್ಲ ಸರಿ ಇದೆ ಅಂದರು. ಯಂತ್ರ ಆನ್‌ಲೈನ್ ಇದೆ, ಕರೆಂಟ್ ಬರುತ್ತಿದೆ, ನೆಲ ಬಳಿಯುವುದು ನಮ್ಮ ಒಪ್ಪಂದದಲ್ಲಿಲ್ಲ. ಹಿಮ ತೆಗೆಯುವ ಗುತ್ತಿಗೆದಾರರು, ಎರಡು ಇಂಚು ಬಿದ್ದರೆ ಬರುತ್ತೇವೆ, ವಾಹನ ಓಡಾಡುವ ಜಾಗ ಬಳಿಯುತ್ತೇವೆ, ಕಂಬಗಳ ಹತ್ತಿರ ಹೋಗುವುದಿಲ್ಲ ಅಂದರು. ನಗರಸಭೆಯ ಕಾಮಗಾರಿ ವಿಭಾಗದಲ್ಲಿ ಸಲಿಕೆ ಹಿಡಿದು ಕಾಲುದಾರಿ, ಬಾಗಿಲ ಮುಂದೆ ಬಳಿಯುವ ತಂಡ ಬೇರೆ ಇದೆ. ಅವರ ನಕ್ಷೆಯಲ್ಲಿ ಚಾರ್ಜರ್ ಇರಲೇ ಇಲ್ಲ. ನಕ್ಷೆ ಮಾಡಿದ್ದು ಚಾರ್ಜರ್ ಬರುವ ಮುಂಚೆ.

ಮೂವರೂ ಸುಳ್ಳು ಹೇಳಿರಲಿಲ್ಲ. ಮೂವರೂ ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ನಮ್ಮ ಹಳ್ಳಿ ಕಡೆ ಎರಡು ಹೊಲದ ನಡುವೆ ಬದು ಇರುತ್ತದಲ್ವಾ? ಇವರ ನೇಗಿಲು ಇಲ್ಲಿಗೆ ನಿಲ್ಲುತ್ತದೆ, ಅವರದ್ದು ಅಲ್ಲಿಗೆ. ಬದುವಿನ ಮೇಲೆ ಕಳೆ ಬೆಳೆಯುತ್ತದೆ. ಕಂಬದ ಮುಂದಿನ ಆ ನಾಲ್ಕು ಅಡಿ ಹಾಗೇ ಬದುವಾಗಿ ಉಳಿದಿತ್ತು.

ಮಾಡಿ ನೋಡಿದ್ದು

ಮೊದಲು ಬೋರ್ಡ್ ಹಾಕಿಸಿದೆವು, "ಇಲ್ಲಿ ಹಿಮ ಗುಡ್ಡೆ ಹಾಕಬೇಡಿ" ಅಂತ. ಫೆಬ್ರವರಿ ಕೊನೆಯ ದೊಡ್ಡ ಹಿಮದಲ್ಲಿ ಬೋರ್ಡೇ ಹೂತುಹೋಯಿತು.

ಅಷ್ಟರಲ್ಲಿ ಸಮಿತಿಯವರೇ ಸಲಿಕೆ ಹಿಡಿದಿದ್ದೆವು. ಎಂಟು ಜನ, ವಾಟ್ಸ್ಆ್ಯಪ್ ಗುಂಪು, ಸರದಿ ಪಟ್ಟಿ. ಮೊದಲ ವಾರ ಎಷ್ಟು ಉತ್ಸಾಹ! ಬೆಳಿಗ್ಗೆ ಐದೂವರೆಗೆ ಇಬ್ಬರು ಬಂದು ಬಳಿದು, ಫೋಟೋ ಹಾಕಿ ಹೋಗುತ್ತಿದ್ದರು. ಎರಡನೇ ವಾರ ಒಬ್ಬರಿಗೆ ಸೊಂಟ ಹಿಡಿಯಿತು. ಇನ್ನೊಬ್ಬರು ಆಫೀಸು ಕೆಲಸಕ್ಕೆ ಬೇರೆ ಊರಿಗೆ ಹೋದರು. ಮೂರನೇ ವಾರ ಹಿಮ ಬಿದ್ದದ್ದು ರಾತ್ರಿ ಹನ್ನೊಂದಕ್ಕೆ. ನಾವು ಐದೂವರೆಗೆ ಬರುವಷ್ಟರಲ್ಲಿ ಪ್ಲೋ ಲಾರಿ ಬಂದು ಹೋಗಿ ಹೊಸ ದಿಬ್ಬ ಎಬ್ಬಿಸಿತ್ತು. ನಾವು ಬಳಿದ ಮೇಲೆ ಲಾರಿ ಬಂದರೆ ಕೆಲಸ ವ್ಯರ್ಥ, ಲಾರಿ ಬಂದ ಮೇಲೆ ನಾವು ಬಂದರೆ ಅಷ್ಟೊತ್ತಿಗೆ ಹಿಮ ಗಟ್ಟಿಯಾಗಿರುತ್ತದೆ. ನಗರಸಭೆಯ ವಕೀಲರೂ ಕೇಳಿದರು, ನಿಮ್ಮಲ್ಲಿ ಯಾರಾದರೂ ಜಾರಿ ಬಿದ್ದರೆ ಹೊಣೆ ಯಾರದ್ದು ಅಂತ. ನ್ಯಾಯವಾದ ಪ್ರಶ್ನೆ. ಒಳ್ಳೆಯ ಮನಸ್ಸಿನ ಜನರನ್ನು ನಂಬಿ ಸಾರ್ವಜನಿಕ ಸೌಲಭ್ಯ ನಡೆಸಬಾರದು ಅಂತ ನನಗೆ ಆಗ ಖಚಿತವಾಯಿತು. ಅವರು ಬಾರದ ದಿನ ಅಕ್ಕನಂಥವರು ಏನು ಮಾಡಬೇಕು?

ಉಪ್ಪಿನದ್ದು ನನ್ನದೇ ಸಲಹೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಬದ ಬುಡಕ್ಕೆ ಉಪ್ಪು ಸುರಿದರೆ ಕರಗುತ್ತದೆ ಅಂದುಕೊಂಡೆ. ಆದರೆ ರಸ್ತೆಗೆ ಹಾಕುವ ಸಾಮಾನ್ಯ ಉಪ್ಪು ನೆಲದ ಬಿಸಿ ಮೈನಸ್ 9 ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಹೆಚ್ಚುಕಮ್ಮಿ ಕೆಲಸವನ್ನೇ ಮಾಡುವುದಿಲ್ಲ. ಹಗಲು ಬಿಸಿಲಿಗೆ ಅರ್ಧ ಕರಗಿ ಕೆಸರಾಯಿತು. ರಾತ್ರಿ ಅದೇ ಕೆಸರು ಹೆಪ್ಪುಗಟ್ಟಿ ಗಾಜಿನ ಹಾಗೆ ನುಣುಪಾಯಿತು. ಮುಂಚೆ ಬರೀ ದಿಬ್ಬ ಇತ್ತು. ಈಗ ದಿಬ್ಬದ ಮುಂದೆ ಜಾರುಬಂಡೆ. ಊರುಗೋಲು ಹಿಡಿದವರಿಗೆ ಇದು ಇನ್ನೂ ಅಪಾಯ. ಕಂಬದ ಬುಡದ ಲೋಹದ ಮುಚ್ಚಳದ ಮೇಲೆ ಬಿಳಿ ಪೊರೆ ಕಟ್ಟಿತು. ರಿಪೇರಿಗೆ ಬಂದ ತಂತ್ರಜ್ಞ ಅದನ್ನು ಉಗುರಿನಲ್ಲಿ ಕೆರೆದು ತೋರಿಸಿ, ಇದೇ ತುಕ್ಕಿಗೆ ದಾರಿ ಅಂದರು. ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಒಂದು ಲೆಕ್ಕ ಹೇಳುತ್ತದೆ: ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕಾಯಂ ಆಗಿ ಕೆಡಿಸುತ್ತದೆ. ಸಾವಿರಾರು ಕೆರೆಗಳ ನಾಡು ಅದು. ನಾನು ಚೀಲಗಟ್ಟಲೆ ಸುರಿಸಿದ್ದೆ.

ನೆಲದಡಿ ಬಿಸಿ ಪೈಪು ಹಾಕುವ ಮಾತೂ ಬಂತು. ಖರ್ಚು ಕೇಳಿ ಅಲ್ಲಿಗೇ ಬಿಟ್ಟೆವು.

ತಿರುವು

ಏಪ್ರಿಲ್ 2023ರ ಸಭೆಗೆ ಈ ಸಲ ಪ್ಲೋ ಲಾರಿ ಚಾಲಕರನ್ನೂ ಕರೆದೆವು. ಅಕ್ಕನೂ ಬಂದರು. ನಾನು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದೆ: ಚಾರ್ಜರುಗಳನ್ನು ಕಿತ್ತು ಲೈಬ್ರರಿಯ ಮುಂಬಾಗಿಲ ಹತ್ತಿರ ಹಾಕಬೇಕು. ಚಾಲಕರು ಕಾಗದದ ಮೇಲೆ ಪಾರ್ಕಿಂಗ್ ಜಾಗ ಬರೆದು, ಲಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಿ ತೋರಿಸಿದರು. ಮುಂಬಾಗಿಲ ದಾರಿ ಬಳಿದಾಗ ಬ್ಲೇಡಿನ ಪಕ್ಕದಿಂದ ಉರುಳುವ ಹಿಮವೆಲ್ಲ ನಾನು ಹೇಳಿದ ಜಾಗಕ್ಕೇ ಬೀಳುತ್ತದೆ. ಅಲ್ಲಿ ಹಾಕಿದರೆ ಈಗಿನದ್ದಕ್ಕಿಂತ ಕಷ್ಟ.

ಹಾಗಾದರೆ ಕಂಬದಿಂದ ನಾಲ್ಕು ಅಡಿ ದೂರವೇ ಯಾಕೆ ತಿರುಗಿಸುತ್ತೀರಿ ಅಂತ ಕೇಳಿದೆವು. ರಾತ್ರಿ ಮೂರು ಗಂಟೆಗೆ, ಹಿಮ ಸುರಿಯುವಾಗ, ಬೂದು ಬಣ್ಣದ ಆ ಕಂಬ ಕಾಣುವುದಿಲ್ಲ ಅಂದರು. ಕಾರಿನ ಚಕ್ರ ತಡೆಯಲು ನೆಲಕ್ಕೆ ಹಾಕಿದ ಕಾಂಕ್ರೀಟು ದಿಮ್ಮಿ ಹಿಮದಡಿ ಮುಚ್ಚಿರುತ್ತದೆ, ಬ್ಲೇಡ್ ತಗುಲಿದರೆ ಲಾರಿಯೇ ಎಗರುತ್ತದೆ. ಕಂಬಕ್ಕೆ ತಗುಲಿದರೆ ನನ್ನ ಕೆಲಸ ಉಳಿಯುತ್ತದಾ ಅಂತ ಅವರೇ ಕೇಳಿದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ವರ್ಷದಲ್ಲಿ ಅವರನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಇನ್ನೊಂದು ತಿರುವು ನಗರಸಭೆಯ ಅಂಗವಿಕಲರ ಸೌಲಭ್ಯ ಅಧಿಕಾರಿಯಿಂದ ಬಂತು. ಅಲ್ಲಿಯವರೆಗೆ ಇದು "ಅನುಕೂಲದ ವಿಷಯ" ಅಂತಲೇ ನಡೆದಿತ್ತು. ಅವರು 1990ರ ಅಂಗವಿಕಲರ ಕಾಯ್ದೆಯ ನಿಯಮ ಎತ್ತಿದರು. ಸರ್ಕಾರಿ ಸೌಲಭ್ಯದಲ್ಲಿ ಅಂಗವಿಕಲರಿಗಾಗಿ ಮಾಡಿದ ದಾರಿ, ಜಾಗ ಕಟ್ಟಿಬಿಟ್ಟರೆ ಸಾಲದು, ಬಳಸುವ ಸ್ಥಿತಿಯಲ್ಲಿ ಇಟ್ಟಿರಬೇಕು. ಆಗೊಮ್ಮೆ ಈಗೊಮ್ಮೆ ತಾತ್ಕಾಲಿಕ ಅಡಚಣೆ ಆದರೆ ಕ್ಷಮೆ ಇದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮದಡಿ ಇದ್ದರೆ ಅದನ್ನು ತಾತ್ಕಾಲಿಕ ಅನ್ನಲಾಗುವುದಿಲ್ಲ. 2022ರ ಜುಲೈನಲ್ಲಿ ಅಮೆರಿಕದ ಆ್ಯಕ್ಸೆಸ್ ಬೋರ್ಡ್, ಅಂದರೆ ಅಂಗವಿಕಲರ ಸೌಲಭ್ಯಗಳ ಅಳತೆ ನಿಗದಿ ಮಾಡುವ ಸರ್ಕಾರಿ ಸಂಸ್ಥೆ, ಚಾರ್ಜಿಂಗ್ ಸ್ಟೇಷನ್ನುಗಳಿಗೆಂದೇ ಸಲಹೆಗಳನ್ನು ಕೊಟ್ಟಿತ್ತು. ಕಾರಿನ ಜಾಗ 11 ಅಡಿ ಅಗಲ, ಪಕ್ಕಕ್ಕೆ 5 ಅಡಿ ಓಡಾಡುವ ಜಾಗ. ಕೈಯಲ್ಲಿ ಹಿಡಿಯುವ ಭಾಗ ನೆಲದಿಂದ 48 ಇಂಚಿಗಿಂತ ಮೇಲಿರಬಾರದು. ನಮ್ಮ ನೀಲಿ ಜಾಗ ಜೂನ್‌ನಲ್ಲಿ ಈ ಅಳತೆಗೆಲ್ಲ ಸರಿಹೊಂದುತ್ತಿತ್ತು.

ಅಕ್ಕ ಅವತ್ತು ಹೇಳಿದ್ದು ಒಂದೇ ಮಾತು: "ನಂಗೆ ಸ್ಪೆಷಲ್ ಏನೂ ಬೇಡ. ಬಾಗ್ಲು ಮುಂದೆ ಬಳಿತೀರಲ್ಲ, ಹಂಗೇ ಇದನ್ನೂ ಬಳೀರಿ."

ಬದಲಾದದ್ದು

ಚಾರ್ಜರ್ ಕೀಳಲಿಲ್ಲ, ಹಿಮದ ಗುಡ್ಡೆಯನ್ನೇ ಬೇರೆ ಕಡೆಗೆ ಕಳಿಸಿದೆವು. ಎದುರು ಮೂಲೆಯಲ್ಲಿ, ಹಗಲು ಕರಗಿದ ನೀರು ಕಾರಿನ ಜಾಗಕ್ಕೆ ಹರಿಯದೆ ಚರಂಡಿಗೆ ಹೋಗುವ ಇಳಿಜಾರಿನಲ್ಲಿ, ಗುಡ್ಡೆಯ ಜಾಗ ಗುರುತಿಸಿದೆವು. ನಕ್ಷೆ ಚಾಲಕರೇ ಬರೆದುಕೊಟ್ಟರು, ಅದು ಗುತ್ತಿಗೆ ಪತ್ರದ ಜೊತೆ ಸೇರಿತು.

ಗುತ್ತಿಗೆಯ ಮಾತುಗಳನ್ನು ಬದಲಿಸಲು ಇಡೀ ಬೇಸಿಗೆ ಹಿಡಿಯಿತು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇದೇ. ಮೊದಲ ಕರಡಿನಲ್ಲಿ "ಚಾರ್ಜಿಂಗ್ ಜಾಗವನ್ನು ಸುಸ್ಥಿತಿಯಲ್ಲಿ ಇಡಬೇಕು" ಅಂತ ಇತ್ತು. ಅದರಿಂದ ಏನೂ ಆಗುವುದಿಲ್ಲ ಅಂತ ಕಾಮಗಾರಿ ವಿಭಾಗದ ಹಿರಿಯರೊಬ್ಬರು ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಹೀಗೆ: ಒಂದು ಇಂಚು ಬಿದ್ದರೂ ಬರಬೇಕು. ಲಾರಿ ಹೋದ ಮೇಲೆ ಕೈಯಲ್ಲಿ ತಳ್ಳುವ ಸ್ನೋ ಬ್ಲೋವರ್ (ಹಿಮ ಎತ್ತಿ ದೂರಕ್ಕೆ ಎಸೆಯುವ ಯಂತ್ರ) ತಂದು ಕಂಬದ ಬುಡದ ತನಕ ಬಳಿಯಬೇಕು. ಪಟ್ಟೆ ಬರೆದ ಜಾಗ ಪೂರ್ತಿ ಕಾಣಬೇಕು. ಬೆಳಿಗ್ಗೆ ಆರರೊಳಗೆ ಮುಗಿಯಬೇಕು. ಯಾರು, ಯಾವ ಯಂತ್ರದಲ್ಲಿ, ಎಲ್ಲಿಯ ತನಕ, ಎಷ್ಟು ಗಂಟೆಗೆ, ಈ ನಾಲ್ಕೂ ಬರೆದಿರಬೇಕು.

ಕಾಂಕ್ರೀಟು ದಿಮ್ಮಿ ತೆಗೆಸಿ, ಕಂಬದ ಕಾವಲಿಗೆ ಕಬ್ಬಿಣದ ಗೂಟ ನೆಟ್ಟರು. ಎರಡು ಗೂಟದ ನಡುವೆ 36 ಇಂಚಿಗೆ ಕಡಿಮೆ ಇಲ್ಲದ ಹಾಗೆ ಅಂತರ, ಗಾಲಿಕುರ್ಚಿಯೂ ಹೋಗಬೇಕು, ಸ್ನೋ ಬ್ಲೋವರೂ ಹೋಗಬೇಕು. ಪ್ರತಿ ಗೂಟಕ್ಕೂ ಆರು ಅಡಿ ಎತ್ತರದ ಕಿತ್ತಳೆ ಬಣ್ಣದ ಕಡ್ಡಿ, ತುದಿಯಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿ. ಇಷ್ಟು ಅಗ್ಗದ ವಸ್ತುವಿನಿಂದ ಅಷ್ಟೊಂದು ಪ್ರಯೋಜನ ಆಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಕೇಬಲ್ ನೆಲಕ್ಕೆ ಬೀಳದ ಹಾಗೆ ಮೇಲಿಂದ ಎಳೆದು ಹಿಡಿಯುವ ಸ್ಪ್ರಿಂಗಿನ ತೋಳು ಹಾಕಿಸಿದರು. ಪ್ಲಗ್ ಮುಖ ಕೆಳಗೆ ಮಾಡಿ ಕೂರುವ ಗೂಡು ಬಂತು, ಹಿಮ ಒಳಗೆ ಹೋಗುವುದಿಲ್ಲ. ಹಿಮ ಬೀಳುವ ರಾತ್ರಿ ನೀಲಿ ಜಾಗ ಮತ್ತು ಅದರ ಪಕ್ಕದ್ದು ಖಾಲಿ ಇರಬೇಕು ಅಂತ ನಿಯಮವಾಯಿತು. ರಾತ್ರಿಯೆಲ್ಲ ಕಾರು ನಿಂತಿದ್ದರೆ ಯಾವ ಲಾರಿಯೂ ಬಳಿಯಲಾಗುವುದಿಲ್ಲ. ಕಂಬದ ಮೇಲೆ ಎರಡು ಫೋನ್ ನಂಬರ್ ಹಾಕಿದರು: ಯಂತ್ರ ಕೆಟ್ಟರೆ ಕಂಪನಿಗೆ, ದಾರಿ ಮುಚ್ಚಿದ್ದರೆ ನೇರ ಕಾಮಗಾರಿ ವಿಭಾಗಕ್ಕೆ.

ಏನಾಯಿತು

ಇಷ್ಟೆಲ್ಲ ತಯಾರಿ ಮಾಡಿದ ಮೇಲೆ 2023-24ರಲ್ಲಿ ಹಿಮ ಬಿದ್ದದ್ದೇ ಕಡಿಮೆ! ಆ ಪ್ರದೇಶದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ಕ್ರಿಸ್‌ಮಸ್ ದಿನ ಮಳೆ ಬಂತು. ಜನವರಿಯ ಸಭೆಯಲ್ಲಿ ಒಬ್ಬರು, ಸುಮ್ನೆ ದುಡ್ಡು ಹಾಕಿದೆವು ಅಂದರು. ಗುತ್ತಿಗೆಯ ಆ ಸಾಲು ತೆಗೆಯೋಣ ಅನ್ನುವ ತನಕ ಮಾತು ಹೋಯಿತು. ಈ ಪ್ರಕರಣದಲ್ಲಿ ನನಗೆ ಅತಿ ಭಯ ಆದದ್ದು ಆಗಲೇ. ಅದೇ ತಿಂಗಳ ಮಧ್ಯದಲ್ಲಿ ಷಿಕಾಗೋದಲ್ಲಿ ಕಡುಚಳಿಗೆ ಚಾರ್ಜರುಗಳ ಮುಂದೆ ಗಂಟೆಗಟ್ಟಲೆ ಕಾರುಗಳ ಸಾಲು, ಬ್ಯಾಟರಿ ಸತ್ತ ಕಾರುಗಳನ್ನು ಎಳೆದೊಯ್ಯುವ ದೃಶ್ಯ ಟಿವಿಯಲ್ಲಿ ಬಂತು. ಅದನ್ನು ನೋಡಿದ ಮೇಲೆ ಆ ಮಾತು ತಣ್ಣಗಾಯಿತು.

ಪರೀಕ್ಷೆ ಬಂದದ್ದು ಮಾರ್ಚ್ ಕೊನೆಯಲ್ಲಿ. ಒದ್ದೆ, ಭಾರದ ಹಿಮ, ಅದರ ಮೇಲೆ ಮಳೆ. ಬೆಳಿಗ್ಗೆ ಆರೂಕಾಲಿಗೆ ಹೋಗಿ ನೋಡಿದೆ. ಕಿತ್ತಳೆ ಕಡ್ಡಿಗಳ ಪಕ್ಕದಲ್ಲೇ, ಒಂದು ಗೇಣೂ ಬಿಡದೆ, ಬ್ಲೇಡಿನ ಗೆರೆ. ಕಂಬದ ಬುಡ ಕಾಣುತ್ತಿತ್ತು. ನೀಲಿ ಬಣ್ಣ ಕಾಣುತ್ತಿತ್ತು. ಮಳೆಯ ನೀರು ತೆಳ್ಳಗೆ ಗಾಜುಗಟ್ಟಿದ ಕಡೆ ಉಪ್ಪಿನ ಬದಲು ಮರಳು ಎರಚಿದ್ದರು. ಮರಳು ಕರಗಿಸುವುದಿಲ್ಲ, ಆದರೆ ಊರುಗೋಲಿಗೆ ಹಿಡಿತ ಕೊಡುತ್ತದೆ. ಅಕ್ಕ ಪಾಳಿ ಮುಗಿಸಿ ಏಳಕ್ಕೆ ಬಂದು, ತಾವೇ ಇಳಿದು, ತಾವೇ ಪ್ಲಗ್ ಹಾಕಿದರು. ನಾನು ಕಾರಿನಿಂದ ಇಳಿಯಲಿಲ್ಲ. ಇಳಿದು ಸಹಾಯ ಮಾಡಬೇಕು ಅನ್ನಿಸಿತ್ತು, ತಡೆದುಕೊಂಡೆ.

ಎಲ್ಲ ಸರಿಹೋಗಿಲ್ಲ. ಮಳೆ ಬಿದ್ದು ಹೆಪ್ಪುಗಟ್ಟಿದರೆ ಪ್ಲಗ್ ಹಿಡಿಯ ಮೇಲಿನ ಗುಂಡಿ ಸೆಟೆದು ಒತ್ತಲು ಬರುವುದಿಲ್ಲ, ಕಾರಿನಿಂದ ಪ್ಲಗ್ ಬಿಡಿಸಲಾಗುವುದಿಲ್ಲ. ಒಬ್ಬರು ಬಿಸಿನೀರು ಸುರಿದರು, ಅದು ಇನ್ನಷ್ಟು ಹೆಪ್ಪುಗಟ್ಟಿತು. ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು ಬೆಚ್ಚಗೆ ಮಾಡುವುದು, ಮೆಲ್ಲಗೆ ತಟ್ಟುವುದು, ಇದಕ್ಕಿಂತ ಒಳ್ಳೆಯ ದಾರಿ ನಮಗೆ ಸಿಕ್ಕಿಲ್ಲ. ಪಿನ್ನಿನೊಳಗಿನ ಹಿಮ ತೆಗೆಯಲು ಕೀಲಿಯಂಥ ಲೋಹದ ವಸ್ತು ಮಾತ್ರ ಯಾರೂ ಬಳಸಬಾರದು.

ಬೇರೆ ಊರಿನವರು ಇದರಿಂದ ಏನು ಎತ್ತಿಕೊಳ್ಳಬಹುದು ಅಂತ ಕೇಳುತ್ತಾರೆ. ಮೊದಲನೆಯದು, ಹಸಿರು ದೀಪ ನಂಬಬೇಡಿ. ಫೆಡರಲ್ ಸರ್ಕಾರದ ಹಣದಲ್ಲಿ ಕಟ್ಟುವ ಹೆದ್ದಾರಿ ಚಾರ್ಜರುಗಳು 97% ಹೊತ್ತು ಕೆಲಸ ಮಾಡುತ್ತಿರಬೇಕು ಅಂತ 2023ರ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಅದು ಅಳೆಯುವುದು ಯಂತ್ರ ಆನ್‌ಲೈನ್ ಇದೆಯಾ, ಕರೆಂಟ್ ಕೊಡುತ್ತದಾ ಅನ್ನುವುದನ್ನು. ಹಿಮದ ದಿಬ್ಬದ ಹಿಂದಿರುವ ಚಾರ್ಜರ್ ಆ ಲೆಕ್ಕದಲ್ಲಿ ನೂರಕ್ಕೆ ನೂರು ಪಾಸು. ಎರಡನೆಯದು, ಜಾಗ ಆರಿಸುವ ದಿನವೇ ಹಿಮ ಬಳಿಯುವವರನ್ನು ಕರೆಯಿರಿ. ಅವರ ಅರ್ಧ ಗಂಟೆಯ ಮಾತು ನಮಗೆ ಎರಡು ಚಳಿಗಾಲ ಉಳಿಸುತ್ತಿತ್ತು. ಇನ್ನು, ಹಿಮ ಬೀಳದ ವರ್ಷ ಆ ಸಾಲನ್ನು ಗುತ್ತಿಗೆಯಿಂದ ತೆಗೆಯಲು ಬಿಡಬೇಡಿ.

ಆ ಚಾಲಕರು ಈಗ ನಿವೃತ್ತರಾಗಿದ್ದಾರೆ. ನಕ್ಷೆ ಗುತ್ತಿಗೆಯಲ್ಲಿದೆ, ಆದರೆ ಕಾಗದ ನೋಡಿ ಕಲಿಯುವುದೇ ಬೇರೆ, ಜಾಗದಲ್ಲಿ ನಿಂತು ಕಲಿಯುವುದೇ ಬೇರೆ. ಹಾಗಾಗಿ ಅಕ್ಟೋಬರ್‌ನಲ್ಲಿ, ಮೊದಲ ಹಿಮಕ್ಕೆ ಮುಂಚೆ, ಹೊಸ ಚಾಲಕರನ್ನು ಕರೆದುಕೊಂಡು ಕಡ್ಡಿ ನೆಡುವ ದಿನ ಇಟ್ಟುಕೊಂಡಿದ್ದೇವೆ. ಹಳೆಯ ಚಾಲಕರು ಬರುತ್ತೇನೆ ಅಂದಿದ್ದಾರೆ. ಅಕ್ಕನೂ ಬರುತ್ತಾರೆ, ಕಾರು ಎಲ್ಲಿ ನಿಲ್ಲಿಸಿ ಎಲ್ಲಿ ಕಾಲಿಡುತ್ತಾರೆ ಅಂತ ಅವರೇ ನಡೆದು ತೋರಿಸಲಿಕ್ಕೆ.